ಎಲ್ಕ್ ಬೇಟೆಗೆ ಯಾವ ಗುಂಡು, ಯಾವ ಬಾಣದ ಮೊನೆ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಊರು ಮೂಡಿಗೆರೆ ಹತ್ತಿರ. ಆರು ವರ್ಷದಿಂದ ಕೊಲರಾಡೊದಲ್ಲಿದ್ದೇನೆ, ಎಚ್-1ಬಿ ವೀಸಾ. ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿದ್ದೇನೆ. ಈ ಅಕ್ಟೋಬರ್‌ಗೆ ಹೆಣ್ಣು ಎಲ್ಕ್‌ನ (ಕಡವೆ ಜಾತಿಯ ದೊಡ್ಡ ಜಿಂಕೆ) ಟ್ಯಾಗ್, ಅಂದರೆ ಒಂದು ಪ್ರಾಣಿ ಹೊಡೆಯುವ ಪರವಾನಗಿ, ಸಿಕ್ಕಿದೆ. ನನ್ನ ಹತ್ತಿರ ಇರುವುದು .308 ರೈಫಲ್ (ಗುಂಡಿನ ವ್ಯಾಸ 0.308 ಇಂಚು). ಅಂಗಡಿಯವರು ಅದು ಸಾಲದು, ಮ್ಯಾಗ್ನಮ್ (ಹೆಚ್ಚು ಮದ್ದು ತುಂಬಿದ ಜೋರಾದ ತೋಟಾದ ರೈಫಲ್) ತಗೊಳ್ಳಿ ಅಂತಾರೆ. ಮುಂದಿನ ವರ್ಷ ಬಿಲ್ಲಿನಲ್ಲಿ ಪ್ರಯತ್ನಿಸುವ ಆಸೆಯೂ ಇದೆ. ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರುವಂಥದ್ದು), ಎಳೆತ 55 ಪೌಂಡ್. ಚಿಕ್ಕವನಿದ್ದಾಗ ಯಾರೋ ಈಡು ಹೊಡೆದ ಕಾಡುಹಂದಿಯೊಂದು ಎರಡು ದಿನ ನಮ್ಮ ತೋಟದ ಅಂಚಿನಲ್ಲಿ ನರಳಿದ್ದನ್ನು ನೋಡಿದ್ದೇನೆ. ಅಂಥದ್ದು ನನ್ನ ಕೈಯಿಂದ ಆಗಬಾರದು. ಯಾವ ಗುಂಡು, ಯಾವ ಬ್ರಾಡ್‌ಹೆಡ್ (ಬೇಟೆ ಬಾಣದ ಅಲಗಿನ ಮೊನೆ) ತಗೊಳ್ಳಲಿ? ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ. ಮಾಂಸದಲ್ಲಿ ಸೀಸ ಸೇರುತ್ತೆ ಅಂತಾರೆ, ನಿಜವಾ?

ಉತ್ತರ: ನಮಸ್ಕಾರ. ಆ ಹಂದಿಯ ನೆನಪು ನಿಮ್ಮ ಜೊತೆ ಕಾಡಿಗೆ ಬರಲಿ. ಅದಕ್ಕಿಂತ ಒಳ್ಳೆಯ ಗುರು ನಿಮಗೆ ಸಿಗುವುದಿಲ್ಲ.

ಮೊದಲು ನೇರ ಉತ್ತರ ಕೊಡುತ್ತೇನೆ. ನಿಮ್ಮ .308 ಸಾಕು. ಅದರಲ್ಲಿ 150 ಗ್ರೇನ್‌ನ (ಸುಮಾರು ಹತ್ತು ಗ್ರಾಂ ತೂಕದ) ಪೂರ್ತಿ ತಾಮ್ರದ ಗುಂಡು ಹಾಕಿ. 250 ಗಜದೊಳಗೆ ಮಾತ್ರ ಹೊಡೆಯಿರಿ. ಬಿಲ್ಲಿಗೆ ಬಿಚ್ಚಿಕೊಳ್ಳುವ ಅಲಗಿನ ಬ್ರಾಡ್‌ಹೆಡ್ ಬೇಡ. ಗಟ್ಟಿಯಾಗಿ ಕೂರಿಸಿದ ಎರಡು ಅಥವಾ ಮೂರು ಅಲಗಿನದು ತಗೊಳ್ಳಿ. ಮೊನೆಯ ಸಮೇತ ಬಾಣ ಒಟ್ಟು 450 ಗ್ರೇನ್‌ಗೆ ಕಡಿಮೆ ಇರಬಾರದು. ದೂರ 30 ಗಜ ಮೀರಬಾರದು. ಇದು ಯಾಕೆ ಹೀಗೆ ಅನ್ನುವುದು ಗೊತ್ತಿದ್ದರೆ ನಾಳೆ ಅಂಗಡಿಯಲ್ಲಿ ಹೊಸ ಡಬ್ಬಿ ಕಂಡಾಗ ನೀವೇ ತೀರ್ಮಾನ ಮಾಡಬಹುದು. ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ಅದಕ್ಕೂ ಮುಂಚೆ ಕಾನೂನಿನ ಒಂದು ವಿಷಯ. ಎಚ್-1ಬಿ, ಎಫ್-1 ಥರದ ವೀಸಾದವರು ಬಂದೂಕು, ತೋಟಾ ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ನಿಷಿದ್ಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಆದರೆ ಆ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಹೋದ ವರ್ಷದ್ದು ಮುಗಿದು ಹೊಸದು ತೆಗೆದುಕೊಳ್ಳುವ ನಡುವೆ ರೈಫಲ್ ನಿಮ್ಮ ಮನೆಯಲ್ಲಿದ್ದರೆ ತೊಂದರೆ ತಪ್ಪಿದ್ದಲ್ಲ. ವೀಸಾಕ್ಕೇ ಸಂಚಕಾರ. ಒಮ್ಮೆ ವಕೀಲರನ್ನು ಕೇಳಿಬಿಡಿ. ಇನ್ನು ಊರಿನ ಸಂಗತಿ ನಿಮಗೆ ಗೊತ್ತೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಬೇಟೆ ಅಪರಾಧ. ಇಲ್ಲಿ ಬರೆದದ್ದೆಲ್ಲ ಕೊಲರಾಡೊದ ಮಾತು, ಮಲೆನಾಡಿನದ್ದಲ್ಲ.

ಈಗ ವಿಷಯಕ್ಕೆ ಬರೋಣ. ಪ್ರಾಣಿ ಬೇಗ ಸಾಯುವುದು ಹೇಗೆ? ಗುಂಡಿನ ಪೆಟ್ಟಿಗೆ ಬೆಚ್ಚಿ ಬಿದ್ದು ಸಾಯುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಮಿದುಳಿಗೋ ಬೆನ್ನುಹುರಿಗೋ ತಗುಲಿದರೆ ಮಾತ್ರ ನಿಂತಲ್ಲೇ ಕುಸಿಯುತ್ತದೆ. ಆದರೆ ಅವು ಸಣ್ಣ ಗುರಿ, ಒಂದು ಕಡೆ ನಿಲ್ಲುವುದೂ ಇಲ್ಲ. ತಲೆಗೆ ಗುರಿಯಿಟ್ಟು ದವಡೆ ಮುರಿದರೆ ಆ ಪ್ರಾಣಿ ಹಸಿದು ಹಸಿದು ಸಾಯುತ್ತದೆ. ಹಾಗಾಗಿ ನಾವು ಗುರಿಯಿಡುವುದು ಎದೆಗೂಡಿಗೆ. ಎರಡೂ ಶ್ವಾಸಕೋಶ ತೂತಾದರೆ ರಕ್ತದ ಒತ್ತಡ ಬೀಳುತ್ತದೆ, ಮಿದುಳಿಗೆ ರಕ್ತ ನಿಲ್ಲುತ್ತದೆ, ಸಾಮಾನ್ಯವಾಗಿ ಹತ್ತು ಹದಿನೈದು ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ಅಷ್ಟರಲ್ಲಿ ಎಲ್ಕ್ ಐವತ್ತೋ ನೂರೋ ಗಜ ಓಡಿರಬಹುದು. ಒಂದೇ ಶ್ವಾಸಕೋಶಕ್ಕೆ ತಗುಲಿದರೆ ಗಂಟೆಗಟ್ಟಲೆ ನಡೆಯುತ್ತದೆ. ಕೆಲವು ಬದುಕಿಯೂ ಬಿಡುತ್ತವೆ.

ಹಾಗಾದರೆ ಗುಂಡಿನಿಂದ ನಮಗೆ ಬೇಕಾದದ್ದು ಇಷ್ಟೆ. ಈ ಪಕ್ಕದಿಂದ ಹೊಕ್ಕು, ಎರಡೂ ಶ್ವಾಸಕೋಶ ಹರಿದು, ಆ ಪಕ್ಕದಿಂದ ಆಚೆ ಬರಬೇಕು. ಎರಡು ತೂತು. ಆಚೆ ಬದಿಯ ತೂತು ಕೆಳಗಿದ್ದರೆ ರಕ್ತ ನೆಲಕ್ಕೆ ಸುರಿಯುತ್ತದೆ, ಹೆಜ್ಜೆ ಹಿಡಿಯುವುದು ಸುಲಭ.

ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ. ಹೆಣ್ಣು ಎಲ್ಕ್ ಸುಮಾರು 225 ಕಿಲೋ, ಅಂದರೆ ನಮ್ಮ ಕಡೆಯ ಬಲಿತ ಗಂಡು ಕಡವೆಯಷ್ಟು. ಗಂಡು ಎಲ್ಕ್ 300 ಕಿಲೋ ದಾಟುತ್ತದೆ. ಇಲ್ಲಿನ ಬಿಳಿಬಾಲದ ಜಿಂಕೆಗೆ ಸಾಕಾಗುವ ಗುಂಡು ಎಲ್ಕ್‌ನ ಹೆಗಲ ಮೂಳೆಯಲ್ಲಿ ನಿಂತುಹೋಗಬಹುದು. ಅದಕ್ಕೇ ಗುಂಡಿನ ಒಳಗಟ್ಟು ಮುಖ್ಯ.

ಬೇಟೆಗುಂಡು ಒಳಗೆ ಹೋಗುತ್ತಲೇ ಅಣಬೆಯ ಹಾಗೆ ಅರಳಬೇಕು. ಅರಳದೆ ಹೋದರೆ ಪೆನ್ಸಿಲ್ ಗಾತ್ರದ ತೂತು ಮಾಡಿ ಆಚೆ ಹೋಗುತ್ತದೆ, ಪ್ರಾಣಿ ನಿಧಾನಕ್ಕೆ ಸಾಯುತ್ತದೆ. ಸೈನ್ಯದವರು ಬಳಸುವ ಪೂರ್ತಿ ಹೊದಿಕೆಯ ಗುಂಡು ಹೀಗೇ ಮಾಡುವುದು. ಅದಕ್ಕೇ ಕೊಲರಾಡೊದಲ್ಲಿ ದೊಡ್ಡ ಪ್ರಾಣಿಗೆ ಅರಳುವ ಗುಂಡೇ ಬೇಕು ಅಂತ ನಿಯಮವಿದೆ. ಎಲ್ಕ್‌ಗೆ ಕನಿಷ್ಠ .24 ಇಂಚು ವ್ಯಾಸ, 85 ಗ್ರೇನ್ ತೂಕ, 100 ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ ಅನ್ನುವುದೂ ಅಲ್ಲಿನ ನಿಯಮವೇ. ಗ್ರೇನ್ ಅಂದರೆ ಗೊಂದಲ ಬೇಡ. ಒಂದು ಗ್ರಾಂಗೆ ಸುಮಾರು 15.4 ಗ್ರೇನ್. ನಿಮ್ಮ 150 ಗ್ರೇನ್ ಗುಂಡು ಹತ್ತು ಗ್ರಾಂ ಕೂಡ ಇಲ್ಲ.

ಇನ್ನೊಂದು ಕಡೆ, ಜಾಸ್ತಿ ಬೇಗ ಅರಳಿದರೂ ಕಷ್ಟ. ಅದನ್ನು ನಾನು ಕಲಿತದ್ದು ನನ್ನ ಎರಡನೇ ವರ್ಷದಲ್ಲಿ. 7 ಎಂಎಂ ಮ್ಯಾಗ್ನಮ್ ರೈಫಲ್, ತೆಳು ಹೊದಿಕೆಯ ಹಗುರ ಗುಂಡು. ಪೊದೆ ಪಕ್ಕದಿಂದ ಒಂದು ಮ್ಯೂಲ್ ಜಿಂಕೆ ಎದ್ದಿತು. ದೂರ ನಲವತ್ತು ಗಜವೂ ಇಲ್ಲ. ಹೆಗಲಿಗೆ ಹೊಡೆದೆ. ಗುಂಡು ಇನ್ನೂ ಸೆಕೆಂಡಿಗೆ 3000 ಅಡಿಯ ವೇಗದಲ್ಲೇ ಇತ್ತು. ಮೂಳೆಗೆ ಬಡಿದು ಪುಡಿಯಾಯಿತು, ಒಳಗೆ ಹೋಗಲೇ ಇಲ್ಲ. ಅಂಗೈ ಅಗಲದ ಗಾಯ, ಆದರೆ ಮೇಲ್ಮೈಯಲ್ಲಿ. ಜಿಂಕೆ ಮೂರು ಕಾಲಲ್ಲಿ ಓಡಿತು. ನಾಲ್ಕು ಗಂಟೆ ಹಿಂದೆ ಹೋಗಿ ಎರಡನೇ ಗುಂಡಿನಲ್ಲಿ ಮುಗಿಸಿದೆ. ಆ ನಾಲ್ಕು ಗಂಟೆಯ ನೋವು ಪ್ರಾಣಿಯದ್ದು, ತಪ್ಪು ನನ್ನದು. ಆ ಗುಂಡು ಕೆಟ್ಟದ್ದಲ್ಲ. ದೂರದಲ್ಲಿ ವೇಗ ಇಳಿದ ಮೇಲೆ ಪಕ್ಕೆಲುಬಿನ ನಡುವೆ ಬಿದ್ದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹತ್ತಿರದಲ್ಲಿ, ಆ ವೇಗಕ್ಕೆ, ಹೆಗಲಿಗೆ ಅದು ಸಲ್ಲುವುದಿಲ್ಲ. ಅದನ್ನು ನಾನು ಯೋಚಿಸಿರಲಿಲ್ಲ.

ಇದೇ ಪಾಠವನ್ನು ಬಹಳ ಹಿಂದೆ ಕಲಿತವರು ಜಾನ್ ನೋಸ್ಲರ್. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಅವರು ಮೂಸ್ (ಎಲ್ಕ್‌ಗಿಂತಲೂ ದೊಡ್ಡ ಜಿಂಕೆ) ಬೇಟೆಗೆ ಹೋಗಿದ್ದರು. ಕೈಯಲ್ಲಿ ಜೋರಾದ .300 ಮ್ಯಾಗ್ನಮ್. ಮೂಸ್‌ನ ಮೈಮೇಲೆ ಒಣಗಿದ ಕೆಸರಿನ ಗಟ್ಟಿ ಪದರ. ಗುಂಡುಗಳು ಒಳಗೆ ಇಳಿಯದೆ ಒಡೆದುಹೋದವು. ಮನೆಗೆ ಬಂದು ಅವರು ಗುಂಡಿನ ಹೊಟ್ಟೆಯಲ್ಲಿ ತಾಮ್ರದ ಅಡ್ಡಗೋಡೆ ಇಟ್ಟರು. ಮುಂದಿನ ಅರ್ಧ ಅರಳುತ್ತದೆ. ಗೋಡೆ ಹಿಂದಿನ ಅರ್ಧ ಹಾಗೇ ಉಳಿದು ಒಳಗೆ ನುಗ್ಗುತ್ತದೆ. ಅದೇ ನೋಸ್ಲರ್ ಪಾರ್ಟಿಶನ್. 1948ರಿಂದ ಇವತ್ತಿನವರೆಗೆ ಮಾರಾಟದಲ್ಲಿದೆ. ಬೇಟೆಗುಂಡಿನ ಕಸುಬೇ ಅಲ್ಲಿಂದ ಬೇರೆಯಾಯಿತು ಅಂತ ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ನಿಮಗೆ ಕಾಣುವ ಇಪ್ಪತ್ತು ಡಬ್ಬಿಗಳು ಕೊನೆಗೆ ನಾಲ್ಕೇ ಜಾತಿ. ಹಳೆಯದು, ಅಗ್ಗದ್ದು: ಸೀಸದ ತಿರುಳು, ಮೇಲೆ ತಾಮ್ರದ ಅಂಗಿ. 1939ರ ಕಾಲದ ರೆಮಿಂಗ್ಟನ್ ಕೋರ್-ಲೋಕ್ಟ್ ಈ ಜಾತಿ. ಹಾರ್ನಡಿ ಇಂಟರ್‌ಲಾಕ್ ಕೂಡ. ಹದವಾದ ವೇಗದ ರೈಫಲ್‌ಗೆ, ಜಿಂಕೆಗೆ ಇದು ಇಂದಿಗೂ ಒಳ್ಳೆಯದೇ. ಎರಡನೆಯದು ಪಾರ್ಟಿಶನ್ ಥರದ ಅಡ್ಡಗೋಡೆಯದು. ಮೂರನೆಯದು ಸೀಸವನ್ನೂ ಅಂಗಿಯನ್ನೂ ಬೆಸೆದದ್ದು. ಬಾಂಡೆಡ್ ಅಂತಾರೆ. ನೋಸ್ಲರ್ ಅಕ್ಯುಬಾಂಡ್, ಫೆಡರಲ್ ಫ್ಯೂಶನ್ ಇದಕ್ಕೆ ಉದಾಹರಣೆ. ಒಡೆಯುವುದು ಕಡಿಮೆ, ಆಳಕ್ಕೆ ಹೋಗುತ್ತದೆ. ನಾಲ್ಕನೆಯದು ಸೀಸವೇ ಇಲ್ಲದ ಪೂರ್ತಿ ತಾಮ್ರದ್ದು. ಬಾರ್ನ್ಸ್ ಟಿಟಿಎಸ್ಎಕ್ಸ್, ಹಾರ್ನಡಿ ಸಿಎಕ್ಸ್, ನೋಸ್ಲರ್ ಇ-ಟಿಪ್ ಈ ಗುಂಪಿನವು. ಮೂತಿಯಲ್ಲಿ ಕುಳಿ ಇರುತ್ತದೆ. ಒಳಗೆ ಹೋದಾಗ ದಳದ ಹಾಗೆ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ತೂಕ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ. ಸೀಸದ ಸಾಧಾರಣ ಗುಂಡು ಅರ್ಧದಷ್ಟು ತೂಕವನ್ನು ದಾರಿಯಲ್ಲೇ ಕಳೆದುಕೊಳ್ಳುವುದುಂಟು.

ಎಲ್ಕ್‌ಗೆ ಮೂರನೆಯದಾಗಲಿ ನಾಲ್ಕನೆಯದಾಗಲಿ ಕಣ್ಣು ಮುಚ್ಚಿ ತಗೊಳ್ಳಬಹುದು. ನಿಮಗೆ ನಾಲ್ಕನೆಯದನ್ನೇ ಹೇಳಲು ಕಾರಣ ನಿಮ್ಮ ಮಗಳು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ತಾಮ್ರ ಸೀಸಕ್ಕಿಂತ ಹಗುರ. ಹಾಗಾಗಿ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಸೀಸದಲ್ಲಿ 165 ಅಥವಾ 180 ಗ್ರೇನ್ ಹಾಕುತ್ತಿದ್ದವರು ತಾಮ್ರದಲ್ಲಿ 150ಕ್ಕೆ ಇಳಿಯಬಹುದು. ಒಳಗೆ ಇಳಿಯುವ ಆಳದಲ್ಲಿ ನಷ್ಟವಿಲ್ಲ, ವೇಗ ಹೆಚ್ಚು ಸಿಗುತ್ತದೆ. ತಾಮ್ರಕ್ಕೆ ಅದು ಬೇಕೇ ಬೇಕು. ಯಾಕೆಂದರೆ ತಾಮ್ರ ಗಟ್ಟಿ ಲೋಹ, ವೇಗ ಕಡಿಮೆಯಾದರೆ ಅರಳುವುದಿಲ್ಲ. ಬೇಟೆಗಾರರು ಇಟ್ಟುಕೊಳ್ಳುವ ಲೆಕ್ಕ ಹೀಗಿದೆ: ತಗುಲುವ ಹೊತ್ತಿಗೆ ಸೀಸದ ಗುಂಡಿಗೆ ಸೆಕೆಂಡಿಗೆ ಕನಿಷ್ಠ 1800 ಅಡಿ, ತಾಮ್ರಕ್ಕೆ 2000 ಅಡಿ ವೇಗ ಉಳಿದಿರಬೇಕು. ಎಲ್ಲರೂ ಶಕ್ತಿಯ ಅಂಕಿ ಹೇಳುತ್ತಾರೆ. ನಾನು ವೇಗದ ಅಂಕಿ ನೋಡುತ್ತೇನೆ. ಗುಂಡು ಅರಳದಿದ್ದರೆ ಆ ಶಕ್ತಿ ಆಚೆ ಬದಿಯ ಗುಡ್ಡಕ್ಕೆ ಹೋಗುತ್ತದೆ ಅಷ್ಟೆ, ಅಲ್ವಾ?

.308ರಲ್ಲಿ 150 ಗ್ರೇನ್ ಗುಂಡು ನಳಿಗೆಯಿಂದ ಸುಮಾರು 2820 ಅಡಿ ವೇಗದಲ್ಲಿ ಹೊರಡುತ್ತದೆ. ಅದು ಡಬ್ಬಿಯ ಮೇಲಿನ ಅಂಕಿ, 24 ಇಂಚಿನ ನಳಿಗೆಯಲ್ಲಿ ಅಳೆದದ್ದು. ನಿಮ್ಮ ನಳಿಗೆ 18 ಇಂಚು ಇದ್ದರೆ ನೂರಕ್ಕೂ ಹೆಚ್ಚು ಅಡಿ ಕಮ್ಮಿ ಬರುತ್ತದೆ. ಆದರೂ 300 ಗಜದವರೆಗೆ 2000ಕ್ಕಿಂತ ಮೇಲೇ ಇರುತ್ತದೆ. ಎಲ್ಕ್ ಸಿಗುವುದು 8000, 9000 ಅಡಿ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು, ವೇಗ ಇನ್ನಷ್ಟು ಉಳಿಯುತ್ತದೆ. ಹಾಗಾದರೆ 250 ಗಜ ಅಂತ ಯಾಕೆ ಹೇಳಿದೆ? ಅದು ಗುಂಡಿನ ಮಿತಿ ಅಲ್ಲ. ಮೊದಲ ಸಲ ಏದುಸಿರು ಬಿಡುತ್ತಾ, ಎದೆ ಬಡಿದುಕೊಳ್ಳುತ್ತಾ, ಚಳಿಯಲ್ಲಿ ಮಲಗಿ ಗುರಿಯಿಡುವ ಮನುಷ್ಯನ ಮಿತಿ.

ಮ್ಯಾಗ್ನಮ್ ಬೇಡ ಅನ್ನುವುದಕ್ಕೂ ಇದೇ ಕಾರಣ. ಅದರ ಒದೆತ ಜೋರು. ಹತ್ತು ಗುಂಡು ಹೊಡೆದರೆ ಹೆಗಲು ನೋಯುತ್ತದೆ. ಹನ್ನೊಂದನೆಯದಕ್ಕೆ ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಅಭ್ಯಾಸಕ್ಕೇ ಹೋಗುವುದಿಲ್ಲ. ಮ್ಯಾಗ್ನಮ್‌ನಲ್ಲಿ ಹೊಟ್ಟೆಗೆ ಹೊಡೆದ ಎಲ್ಕ್‌ಗಿಂತ .308ರಲ್ಲಿ ಶ್ವಾಸಕೋಶಕ್ಕೆ ಹೊಡೆದ ಎಲ್ಕ್ ನೂರು ಪಾಲು ಬೇಗ ಹೋಗುತ್ತದೆ. ಅಂಗಡಿಯವರು ಹೇಳಿದ ದುಡ್ಡನ್ನು ತೋಟಾಕ್ಕೆ ಹಾಕಿ, ರೇಂಜ್‌ಗೆ ಹೋಗಿ.

ಅಲ್ಲಿ ಏನು ಮಾಡಬೇಕು ಅಂದರೆ, ಎರಡು ಮೂರು ಕಂಪನಿಯ ತಾಮ್ರದ ತೋಟಾ ಒಂದೊಂದು ಡಬ್ಬಿ ತನ್ನಿ. ಪ್ರತಿ ರೈಫಲ್‌ಗೂ ಒಂದು ಇಷ್ಟ ಇರುತ್ತದೆ. ಒಂದು ತೋಟಾಕ್ಕೆ ಮೂರು ಗುಂಡು ಒಂದೇ ಕಡೆ ಕೂರಿಸುತ್ತದೆ, ಇನ್ನೊಂದಕ್ಕೆ ಚದುರಿಸುತ್ತದೆ. ಹೊಸ ಜಾತಿಗೆ ಹೋಗುವ ಮುಂಚೆ ನಳಿಗೆ ಚೆನ್ನಾಗಿ ತೊಳೆಯಿರಿ. ಚೆನ್ನಾಗಿ ಕೂತದ್ದನ್ನೇ ಇನ್ನೂ ನಾಲ್ಕು ಡಬ್ಬಿ ತನ್ನಿ. ರೈಫಲ್‌ನ ಗುರಿಯನ್ನು 200 ಗಜಕ್ಕೆ ಸರಿಮಾಡಿ. ಆಗ 100 ಗಜದಲ್ಲಿ ಎರಡು ಇಂಚಿನಷ್ಟು ಮೇಲೆ ಬೀಳುತ್ತದೆ, 300ರಲ್ಲಿ ಸುಮಾರು ಎಂಟು ಇಂಚು ಕೆಳಗೆ. ಅದಾದ ಮೇಲೆ ಬೆಂಚು ಬಿಡಿ. ಕೂತು, ಮಂಡಿಯೂರಿ, ಕೋಲಿನ ಆಸರೆಯಲ್ಲಿ ಹೊಡೆಯಿರಿ. ಊಟದ ತಟ್ಟೆಯಷ್ಟು ಅಗಲದ ಕಾಗದಕ್ಕೆ ಐದಕ್ಕೆ ಐದೂ ಬೀಳುವ ದೂರವೇ ನಿಮ್ಮ ದೂರ. ಅದು 150 ಗಜ ಆದರೆ 150 ಗಜ. ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಪ್ರಾಣಿ ಅಡ್ಡ ನಿಂತಿರಲಿ, ಇಲ್ಲವೇ ಸ್ವಲ್ಪ ಆಚೆ ಮುಖ ಮಾಡಿ ಓರೆಯಾಗಿ ನಿಂತಿರಲಿ. ಮುಂಗಾಲಿನ ಹಿಂದಿನ ಗೆರೆ ಹಿಡಿದು ಹೊಟ್ಟೆಯಿಂದ ಮೂರನೇ ಒಂದು ಭಾಗ ಮೇಲೆ ಬನ್ನಿ. ಅಲ್ಲೇ. ಓರೆ ಇದ್ದಾಗ ಗುಂಡು ಎಲ್ಲಿ ಹೊಕ್ಕುತ್ತದೆ ಅನ್ನುವುದಕ್ಕಿಂತ ಎಲ್ಲಿ ಹೊರಡುತ್ತದೆ ಅಂತ ಯೋಚಿಸಿ. ಆಚೆ ಬದಿಯ ಮುಂಗಾಲಿನ ಒಳಗಿಂದ ಹೊರಬರುವ ಹಾಗೆ ಗುರಿಯಿಡಿ. ಹಿಂಭಾಗ ತೋರಿಸಿ ನಿಂತಿದ್ದರೆ ಬಿಟ್ಟುಬಿಡಿ.

ತಾಮ್ರದ ಗುಂಡಿನ ಬಗ್ಗೆ ಎರಡು ಎಚ್ಚರಿಕೆ. ಅದು ಬಹುಪಾಲು ಆಚೆ ಹೋಗಿಯೇ ಹೋಗುತ್ತದೆ. ಎಲ್ಕ್ ಹಿಂಡಿನಲ್ಲಿರುವ ಪ್ರಾಣಿ. ನಿಮ್ಮದರ ಹಿಂದೆ ಇನ್ನೊಂದು ನಿಂತಿದ್ದರೆ ಒಂದೇ ಗುಂಡಿಗೆ ಎರಡಕ್ಕೂ ಗಾಯ. ಅವು ಬೇರೆಯಾಗುವವರೆಗೆ ಬೆರಳು ಟ್ರಿಗರ್ ಮೇಲೆ ಬರಬಾರದು. ಎರಡನೆಯದು, ಗುಂಡು ತಗುಲಿದರೂ ಕೆಲವೊಮ್ಮೆ ಎಲ್ಕ್ ಏನೂ ಆಗದ ಹಾಗೆ ನಿಂತಿರುತ್ತದೆ. ತಪ್ಪಿತು ಅಂದುಕೊಳ್ಳಬೇಡಿ. ಕಣ್ಣು ತೆಗೆಯದೆ ಬೋಲ್ಟ್ ಎಳೆದು, ಮುಂದಿನ ತೋಟಾ ಏರಿಸಿ, ಮತ್ತೆ ಹೊಡೆಯಿರಿ. ಬೀಳುವವರೆಗೆ ಹೊಡೆಯಿರಿ. ಒಂದೇ ಗುಂಡಿನಲ್ಲಿ ಮುಗಿಸಿದೆ ಅನ್ನುವ ಹೆಮ್ಮೆಗಾಗಿ ಎರಡನೇ ಗುಂಡು ಉಳಿಸಿಕೊಳ್ಳುವುದು ಪ್ರಾಣಿಗೆ ಮಾಡುವ ದ್ರೋಹ.

ಈಗ ಬಿಲ್ಲು. ಇದು ಬೇರೆಯದೇ ಲೋಕ. ರೈಫಲ್‌ನಲ್ಲಿ ಕಲಿತದ್ದನ್ನು ಇಲ್ಲಿ ಸ್ವಲ್ಪ ಮರೆಯಬೇಕು.

ನಿಮ್ಮ .308ರ ಗುಂಡು ಹೊರಡುವಾಗ ಸುಮಾರು 2650 ಅಡಿ-ಪೌಂಡ್ ಶಕ್ತಿ ಇರುತ್ತದೆ. ನಿಮ್ಮ 55 ಪೌಂಡ್ ಬಿಲ್ಲಿನಿಂದ 450 ಗ್ರೇನ್ ಬಾಣ 235 ಅಡಿ ವೇಗದಲ್ಲಿ ಹೊರಟರೆ ಸುಮಾರು 55 ಅಡಿ-ಪೌಂಡ್. ಹತ್ತಿರ ಹತ್ತಿರ ಐವತ್ತು ಪಟ್ಟು ಕಡಿಮೆ. ಆದರೂ ಬಾಣ ಎಲ್ಕ್‌ನ ಈ ಪಕ್ಕದಿಂದ ಆ ಪಕ್ಕಕ್ಕೆ ತೂರಿ ಹೋಗುತ್ತದೆ. ಯಾಕೆಂದರೆ ಅದು ಬಡಿಯುವುದಿಲ್ಲ, ಕೊಯ್ಯುತ್ತದೆ. ಹರಿತವಾದ ಅಲಗು ರಕ್ತನಾಳವನ್ನು ನೀಟಾಗಿ ಕತ್ತರಿಸಿದರೆ ರಕ್ತ ಹೆಪ್ಪುಗಟ್ಟುವುದು ತಡ. ಮೊಂಡು ಅಲಗು ನಾಳವನ್ನು ಪಕ್ಕಕ್ಕೆ ತಳ್ಳುತ್ತದೆ, ಇಲ್ಲವೇ ಹರಿಯುತ್ತದೆ. ಹರಿದ ಗಾಯ ಬೇಗ ಮುಚ್ಚಿಕೊಳ್ಳುತ್ತದೆ. ಹೊಸ ಬ್ಲೇಡಿನಲ್ಲಿ ಗಡ್ಡ ಬೋಳಿಸುವಾಗ ಕೊಯ್ದರೆ ನೋವೇ ಗೊತ್ತಾಗುವುದಿಲ್ಲ, ರಕ್ತ ಮಾತ್ರ ನಿಲ್ಲುವುದಿಲ್ಲ. ಬೇಟೆಯ ಬಾಣಕ್ಕೂ ಆ ಹರಿತವೇ ಬೇಕು.

ಹಾಗಾಗಿ ಬ್ರಾಡ್‌ಹೆಡ್‌ನಲ್ಲಿ ಕಂಪನಿ ಹೆಸರಿಗಿಂತ ಮಸೆತ ಮುಖ್ಯ. ಡಬ್ಬಿಯಿಂದ ತೆಗೆದದ್ದು ಹರಿತವಾಗೇ ಇರುತ್ತದೆ ಅಂತ ನಂಬಬೇಡಿ. ಒಂದು ರಬ್ಬರ್ ಬ್ಯಾಂಡ್ ಎಳೆದು ಹಿಡಿದು ಅಲಗು ಸೋಕಿಸಿ. ಸೋಕಿದ ಕೂಡಲೇ ತುಂಡಾಗಬೇಕು. ಒತ್ತಬೇಕಾದರೆ ಮಸೆಯಿರಿ. ಅಭ್ಯಾಸಕ್ಕೆ ಬಳಸಿದ ಅಲಗನ್ನು ಬೇಟೆಗೆ ಒಯ್ಯಬೇಡಿ. ಫೋಮ್‌ಗೆ ಒಂದು ಸಲ ಹೊಡೆದರೂ ಅಂಚು ಹೋಗುತ್ತದೆ. ಅಭ್ಯಾಸದ್ದಕ್ಕೆ ಬಣ್ಣದ ಗುರುತು ಹಾಕಿ ಬೇರೆ ಇಡಿ.

ಗಟ್ಟಿ ಅಲಗೋ, ಬಿಚ್ಚಿಕೊಳ್ಳುವ ಅಲಗೋ ಅನ್ನುವುದು ಬಿಲ್ಲು ಬೇಟೆಗಾರರ ನಡುವೆ ಮುಗಿಯದ ಜಗಳ. ಬಿಚ್ಚಿಕೊಳ್ಳುವುದು ಹಾರುವಾಗ ಮಡಚಿಕೊಂಡಿರುತ್ತದೆ, ಸಾದಾ ಮೊನೆಯ ಹಾಗೆ ನೇರ ಹೋಗುತ್ತದೆ. ತಗುಲಿದಾಗ ಒಂದೂವರೆ, ಎರಡು ಇಂಚು ಅಗಲಕ್ಕೆ ತೆರೆದುಕೊಳ್ಳುತ್ತದೆ. ಜಿಂಕೆಗೆ ಪಕ್ಕೆಯಲ್ಲಿ ಬಿದ್ದರೆ ದೊಡ್ಡ ಗಾಯ, ದಾರಿಯುದ್ದಕ್ಕೂ ರಕ್ತ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತೆರೆದುಕೊಳ್ಳುವುದಕ್ಕೇ ಬಾಣದ ಶಕ್ತಿ ಖರ್ಚಾಗುತ್ತದೆ. ಅಗಲ ಹೆಚ್ಚಾದಷ್ಟೂ ಒಳಗೆ ತಡೆ ಹೆಚ್ಚು. ಓರೆಯಾಗಿ ತಗುಲಿದರೆ ಜಾರಬಹುದು. 70 ಪೌಂಡ್ ಬಿಲ್ಲು ಎಳೆಯುವವರಿಗೆ ಖರ್ಚು ಮಾಡಲು ಶಕ್ತಿ ಇದೆ. ನಿಮ್ಮ 55ರಲ್ಲಿ ಅಷ್ಟು ಉಳಿತಾಯ ಇಲ್ಲ.

ನನ್ನ ಕಥೆ ಹೇಳಿಬಿಡುತ್ತೇನೆ. ಒಂದು ಸೆಪ್ಟೆಂಬರ್ ಸಂಜೆ, ಹೆಣ್ಣು ಎಲ್ಕ್, 38 ಗಜ. ಸ್ವಲ್ಪ ನನ್ನ ಕಡೆಗೇ ಮುಖ ಮಾಡಿ ನಿಂತಿತ್ತು. ಆ ಕೋನದಲ್ಲಿ ಹೊಡೆಯಬಾರದು ಅಂತ ನನಗೆ ಗೊತ್ತಿತ್ತು. ಐದು ದಿನ ಬರಿಗೈಯಲ್ಲಿ ಅಲೆದಿದ್ದೆ. ಆದರೂ ಬಾಣ ಬಿಟ್ಟೆ. ಬಿಚ್ಚಿಕೊಳ್ಳುವ ಅಲಗು, ಹಗುರ ಬಾಣ. ಹೆಗಲ ಮೂಳೆಗೆ ಬಡಿದ ಟಕ್ ಅನ್ನುವ ಸದ್ದು ನನಗೇ ಕೇಳಿಸಿತು. ನಾಲ್ಕು ಇಂಚು ಒಳಗೆ ಹೋಗಿತ್ತೋ ಇಲ್ಲವೋ. ಮೂರು ನೂರು ಗಜ ರಕ್ತ ಸಿಕ್ಕಿತು, ಆಮೇಲೆ ಹನಿ, ಆಮೇಲೆ ಏನೂ ಇಲ್ಲ. ಒಂದೂವರೆ ದಿನ ಮಂಡಿಯೂರಿ ಎಲೆ ಎಲೆ ಹುಡುಕಿದೆ. ಸಿಗಲಿಲ್ಲ. ಅದು ಸತ್ತಿತೋ ಬದುಕಿತೋ ಇವತ್ತಿಗೂ ಗೊತ್ತಿಲ್ಲ. ಆ ವರ್ಷ ಟ್ಯಾಗ್ ಇದ್ದರೂ ಮತ್ತೆ ಕಾಡಿಗೆ ಹೋಗಲಿಲ್ಲ. ಎಲ್ಕ್‌ಗೆ ಬಿಚ್ಚಿಕೊಳ್ಳುವ ಅಲಗನ್ನು ಅವತ್ತು ಬಿಟ್ಟವನು ಮತ್ತೆ ಮುಟ್ಟಿಲ್ಲ.

ಕೊಲರಾಡೊದ ನಿಯಮದಲ್ಲಿ ಬ್ರಾಡ್‌ಹೆಡ್ ಕನಿಷ್ಠ 7/8 ಇಂಚು ಅಗಲ ಇರಬೇಕು, ಕನಿಷ್ಠ ಎರಡು ಉಕ್ಕಿನ ಅಂಚು ಇರಬೇಕು. ನಿಮಗೆ ಒಂದು ಇಂಚಿನಿಂದ ಒಂದೂ ಕಾಲು ಇಂಚಿನೊಳಗಿನದು ಸಾಕು. ತುದಿಯೇ ಕೊಯ್ಯುವಂಥದ್ದು ತಗೊಳ್ಳಿ. ಕೆಲವದರಲ್ಲಿ ತುದಿ ಉಳಿಯ ಹಾಗೆ ಇದ್ದು ಅಲಗು ಹಿಂದೆ ಶುರುವಾಗುತ್ತದೆ. ಅದು ಮೊದಲು ಗುದ್ದಿ ಆಮೇಲೆ ಕೊಯ್ಯುತ್ತದೆ, ಹಗುರ ಬಿಲ್ಲಿಗೆ ಅಷ್ಟು ಸರಿ ಬರುವುದಿಲ್ಲ. ತೂಕ 125 ಗ್ರೇನ್ ಇರಲಿ. ಮುಂದೆ ತೂಕ ಇದ್ದಷ್ಟೂ ಬಾಣ ಒಳಗೆ ನೇರ ನುಗ್ಗುತ್ತದೆ.

ಬಾಣದ ತೂಕದ ಬಗ್ಗೆ ದೊಡ್ಡ ಕೆಲಸ ಮಾಡಿದವರು ಡಾಕ್ಟರ್ ಎಡ್ ಆಶ್ಬಿ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ನಿಜವಾದ ಪ್ರಾಣಿಗಳ ಮೇಲೆ ಬಾಣ ಎಷ್ಟು ಆಳ ಹೋಗುತ್ತದೆ ಅಂತ ಅಳೆದು ದಾಖಲಿಸಿದರು. ಬಾಣ, ಮೊನೆ ಎರಡೂ ಮುರಿಯದೆ ಬಾಗದೆ ಉಳಿಯುವುದೇ ಮೊದಲು, ಉಳಿದದ್ದೆಲ್ಲ ಆಮೇಲೆ ಅನ್ನುವುದು ಅವರ ಮುಖ್ಯ ಮಾತು. ದಪ್ಪ ಮೂಳೆ ಸೀಳಬೇಕಾದರೆ 650 ಗ್ರೇನ್ ಬಾಣ ಬೇಕು ಅಂತಾರೆ. ನಿಮ್ಮ ಬಿಲ್ಲಿಗೆ ಅಷ್ಟು ಹಾಕಿದರೆ ಬಾಣ ನಿಧಾನವಾಗಿ ಹೋಗಿ ಬೇಗ ಕೆಳಗಿಳಿಯುತ್ತದೆ, ದೂರದ ಅಂದಾಜು ಐದು ಗಜ ತಪ್ಪಿದರೂ ಗುರಿ ಹೋಗುತ್ತದೆ. 450ರಿಂದ 500 ಗ್ರೇನ್ ನಿಮಗೆ ಹದ. ಮೂಳೆ ಸೀಳುವ ಯೋಚನೆ ಬಿಡಿ, ಮೂಳೆ ಇಲ್ಲದ ಕಡೆ ಹೊಡೆಯಿರಿ.

ಬ್ರಾಡ್‌ಹೆಡ್ ಹಾಕಿದ ಬಾಣ ಸಾದಾ ಮೊನೆಯ ಬಾಣ ಬಿದ್ದಲ್ಲೇ ಬೀಳುತ್ತದೆ ಅಂತ ಅಂದುಕೊಳ್ಳಬೇಡಿ. ಮುಂದೆ ರೆಕ್ಕೆ ಇದ್ದ ಹಾಗಾಯಿತಲ್ಲ, ಗಾಳಿ ಹಿಡಿಯುತ್ತದೆ. ಜುಲೈನಲ್ಲೇ ಶುರು ಮಾಡಿ. 30 ಗಜದಲ್ಲಿ ಒಂದು ಸಾದಾ, ಒಂದು ಬ್ರಾಡ್‌ಹೆಡ್ ಹೊಡೆಯಿರಿ. ಬ್ರಾಡ್‌ಹೆಡ್ ಎಡಕ್ಕೆ ಬಿದ್ದರೆ ಬಾಣ ಕೂರುವ ರೆಸ್ಟ್ ಅನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿ. ಅದು ಸಾದಾ ಬಾಣದ ಕಡೆಗೆ ಬರಬೇಕು. ಎರಡೂ ಒಂದೇ ಕಡೆ ಬೀಳುವವರೆಗೆ ಬಿಡಬೇಡಿ. ಇದು ಬರೀ ಗುರಿಯ ಪ್ರಶ್ನೆ ಅಲ್ಲ. ಓಲಾಡುತ್ತಾ ಹೋದ ಬಾಣ ತಗುಲಿದಾಗ ಪಕ್ಕಕ್ಕೆ ಬಳುಕಿ ಶಕ್ತಿ ಕಳೆದುಕೊಳ್ಳುತ್ತದೆ. ನೇರ ಹೋದದ್ದು ಒಳಗೆ ಇಳಿಯುತ್ತದೆ.

ಬಿಲ್ಲಿನಲ್ಲಿ ಕೋನ ಇನ್ನೂ ಬಿಗಿ. ಪೂರ್ತಿ ಅಡ್ಡ ಅಥವಾ ಆಚೆ ಓರೆ, ಈ ಎರಡೇ. ಗುರಿಯನ್ನು ರೈಫಲ್‌ಗಿಂತ ಮೂರು ನಾಲ್ಕು ಬೆರಳು ಹಿಂದಕ್ಕೆ ತನ್ನಿ, ಹೆಗಲ ಮೂಳೆಯಿಂದ ದೂರ ಇರಿ.

ಬಾಣ ಬಿಟ್ಟ ಮೇಲೆ ಓಡಬೇಡಿ. ಬಾಣ ಸಿಕ್ಕರೆ ಮೊದಲು ಅದನ್ನು ನೋಡಿ. ತಿಳಿಗೆಂಪು, ನೊರೆ ನೊರೆ ರಕ್ತ ಇದ್ದರೆ ಶ್ವಾಸಕೋಶ. ಅರ್ಧ ಗಂಟೆಯಾದರೂ ಕೂತು ಆಮೇಲೆ ಹೋಗಿ. ಕಡುಗೆಂಪು ಇದ್ದರೆ ಪಿತ್ತಜನಕಾಂಗ, ನಾಲ್ಕು ಗಂಟೆಗಿಂತ ಮುಂಚೆ ಏಳಬೇಡಿ. ಹಸಿರು ಮೆತ್ತಿ ನಾತ ಹೊಡೆದರೆ ಹೊಟ್ಟೆಗೆ ತಗುಲಿದೆ. ಎಂಟರಿಂದ ಹನ್ನೆರಡು ಗಂಟೆ ಕಾಯಬೇಕು. ಕಾಯುವುದು ನಿರ್ದಯ ಅನ್ನಿಸುತ್ತದೆ, ನನಗೂ ಪ್ರತಿ ಸಲ ಅನ್ನಿಸುತ್ತದೆ. ಆದರೆ ಬೆನ್ನಟ್ಟಿದರೆ ಆ ಪ್ರಾಣಿ ಮಲಗಿದ ಜಾಗದಿಂದ ಎದ್ದು ಮೈಲಿಗಟ್ಟಲೆ ಹೋಗುತ್ತದೆ, ನೋವಿನಲ್ಲೇ ಎಲ್ಲೋ ಸಾಯುತ್ತದೆ, ನಿಮಗೂ ಸಿಗುವುದಿಲ್ಲ. ಮಳೆ ಹಿಮ ಬರುವ ಹಾಗಿದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ, ಗುರುತು ಅಳಿಸಿಹೋಗುತ್ತದಲ್ಲ.

ಕೊನೆಗೆ ಸೀಸ. ನಿಜ, ಸೇರುತ್ತದೆ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬಡವರಿಗೆ ಹಂಚಲು ಬೇಟೆಗಾರರು ದಾನ ಕೊಟ್ಟಿದ್ದ ಜಿಂಕೆ ಖೀಮಾದಲ್ಲಿ ಸೀಸದ ಚೂರು ಸಿಕ್ಕವು, ಹಂಚುವುದನ್ನು ನಿಲ್ಲಿಸಿದರು. ಆಮೇಲೆ ಅಲ್ಲಿನ ಜನರ ರಕ್ತ ಪರೀಕ್ಷೆ ಮಾಡಿದಾಗ, ಬೇಟೆ ಮಾಂಸ ತಿನ್ನುವವರಲ್ಲಿ ಸೀಸ ಸ್ವಲ್ಪ ಜಾಸ್ತಿ ಇತ್ತು. ಸೀಸದ ಗುಂಡಿನಲ್ಲಿ ಹೊಡೆದ ಮಾಂಸ ಆರು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ಬೇಡ ಅಂತ ಅಲ್ಲಿನ ಆರೋಗ್ಯ ಇಲಾಖೆ ಹೇಳಿತು. ಚೂರುಗಳು ಕಣ್ಣಿಗೆ ಕಾಣದಷ್ಟು ಸಣ್ಣ, ಗಾಯದಿಂದ ಒಂದು ಅಡಿ ದೂರದವರೆಗೂ ಚದುರಿರುತ್ತವೆ. ತೊಳೆದರೆ ಹೋಗುವುದಿಲ್ಲ, ತೊಳೆದರೆ ಇನ್ನೂ ಹರಡುತ್ತದೆ. ನಾವು ಕಾಡಿನಲ್ಲಿ ಬಿಟ್ಟು ಬರುವ ಕರುಳು, ಒಳಭಾಗಗಳನ್ನು ಹದ್ದುಗಳು ತಿನ್ನುತ್ತವೆ, ವಿಷ ಅವಕ್ಕೂ ಏರುತ್ತದೆ. ಕಾಂಡರ್ ಎಂಬ ದೊಡ್ಡ ರಣಹದ್ದುಗಳು ಹೀಗೆ ಸಾಯುತ್ತಿದ್ದುದೇ ದೊಡ್ಡ ಕಾರಣವಾಗಿ ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಗೆ ಸೀಸವನ್ನೇ ಪೂರ್ತಿ ನಿಷೇಧಿಸಿತು. ಕೊಲರಾಡೊದಲ್ಲಿ ದೊಡ್ಡ ಬೇಟೆಗೆ ಆ ನಿಷೇಧ ಇಲ್ಲ, ಆದರೂ ಚಿಕ್ಕ ಮಗು ಇರುವ ಮನೆಗೆ ನಾನು ತಾಮ್ರ ಬಿಟ್ಟು ಬೇರೆ ಹೇಳಲಾರೆ.

ಒಂದು ವಿಷಯ ತುಂಬಾ ಜನ ಮರೆಯುತ್ತಾರೆ. ಮಾಂಸ ಕತ್ತರಿಸಿಕೊಡುವ ಅಂಗಡಿಗೆ ಕೊಟ್ಟರೆ ಖೀಮಾವನ್ನು ಬೇರೆ ಬೇಟೆಗಾರರ ಮಾಂಸದ ಜೊತೆ ಸೇರಿಸಿ ಅರೆಯುವುದುಂಟು. ನೀವು ತಾಮ್ರ ಬಳಸಿಯೂ ಇನ್ನೊಬ್ಬರ ಸೀಸ ನಿಮ್ಮ ಮಗಳ ತಟ್ಟೆಗೆ ಬರುತ್ತದೆ. ಕೊಡುವ ಮುಂಚೆಯೇ ಕೇಳಿ: ನನ್ನ ಪ್ರಾಣಿಯನ್ನು ಬೇರೆಯಾಗಿ ಅರೆದು ಕೊಡ್ತೀರಾ ಅಂತ. ಆಗಲ್ಲ ಅಂದರೆ ಸುಮ್ನೆ ಮನೆಗೆ ತನ್ನಿ. ಒಂದು ಕೈ ಮಿಷನ್, ಎರಡು ಹರಿತವಾದ ಚಾಕು, ಗೆಳೆಯನ ಸಹಾಯ ಇದ್ದರೆ ಒಂದು ಭಾನುವಾರದ ಕೆಲಸ.